ವೇಷದ ಚಾಟಿಗೆ ಬೆಲ್ಟ್ ಹೋಲ್ಡರ್: ಕೊಳ್ಳೋದಾ, ಮಾಡ್ಕೊಳ್ಳೋದಾ?

ಸಾಹಸಿ ವೇಷ ಹಾಕುವವರು ಸರಿಯಾದ ಟೋಪಿಗಾಗಿ ತಿಂಗಳುಗಟ್ಟಲೆ ಹುಡುಕುತ್ತಾರೆ. ಜಾಕೆಟ್ಟಿನ ಬಣ್ಣಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಚಾಟಿಯಲ್ಲಿ ಎಷ್ಟು ಎಳೆಯ ಹೆಣಿಗೆ ಇರಬೇಕು ಅಂತ ವಾದಕ್ಕೂ ಇಳಿಯುತ್ತಾರೆ. ಆ ಚಾಟಿಯನ್ನು ಸೊಂಟಕ್ಕೆ ಸಿಕ್ಕಿಸುವುದು ಹೇಗೆ ಅನ್ನುವ ಪ್ರಶ್ನೆ ಮಾತ್ರ ಏಳುವುದು ಹೊರಡುವ ಹಿಂದಿನ ರಾತ್ರಿ. ಆಗ ಕೈಗೆ ಸಿಕ್ಕ ದಾರದಲ್ಲಿ ಕಟ್ಟಿಕೊಂಡು ಹೊರಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಸುರುಳಿ ಬಿಚ್ಚಿ ಕಾಲಿಗೆ ತೊಡರಲು ಶುರುವಾಗುತ್ತದೆ.

ಒಂದು ಪಟ್ಟಿ, ಒಂದು ಬಟನ್, ಅಷ್ಟೇ ಅಲ್ವಾ ಹೋಲ್ಡರ್ ಅಂದರೆ? ಹೆಚ್ಚುಕಮ್ಮಿ ಅಷ್ಟೇ. ಆದರೆ ಮಾರಾಟಕ್ಕಿರುವ ಬಹಳಷ್ಟು ಹೋಲ್ಡರ್‌ಗಳು ಚಾಟಿಯನ್ನು ಸುಮ್ನೆ ನೇತುಹಾಕುತ್ತವೆ, ಹಿಡಿದುಕೊಳ್ಳುವುದಿಲ್ಲ. ನೇತಾಡುವ ಚಾಟಿ ನಡೆಯುವಾಗ ತೊಡೆಗೆ ಬಡಿಯುತ್ತದೆ, ಕೂತಾಗ ಕಳಚುತ್ತದೆ, ಜನರ ಮಧ್ಯೆ ಯಾರದ್ದೋ ಚೀಲಕ್ಕೆ ಸಿಕ್ಕಿಕೊಳ್ಳುತ್ತದೆ. ಹಿಡಿಯನ್ನೂ ಸುರುಳಿಯನ್ನೂ ಒಟ್ಟಿಗೆ ಅಪ್ಪಿ ಹಿಡಿಯುವ ಹೋಲ್ಡರ್ ಬೇಕು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧಕ್ಕರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಮೊದಲು ಚಾಟಿಯನ್ನು ಅಳೆಯಿರಿ

ಇಂಥ ವೇಷಕ್ಕೆ ಬಳಸುವ ಉದ್ದನೆಯ ಹೆಣೆದ ಚಾಟಿಗೆ ಬುಲ್‌ವಿಪ್ ಅನ್ನುತ್ತಾರೆ. ಅದರಲ್ಲಿ ಗಟ್ಟಿ ಹಿಡಿ ಇರುತ್ತದೆ, ಸಾಮಾನ್ಯವಾಗಿ 8ರಿಂದ 12 ಇಂಚು. ಹಿಡಿಯ ಬುಡದಲ್ಲಿ ಹೆಣೆದ ಗುಂಡು ಗಂಟು ಇರುತ್ತದೆ, ಅದನ್ನು ಗುಬುಟು ಅನ್ನೋಣ. ಹಿಡಿಯಿಂದ ಮುಂದಕ್ಕೆ ಹೆಣೆದ ಚಾಟಿ ಸಣ್ಣಗಾಗುತ್ತಾ ಹೋಗುತ್ತದೆ. ಅದರ ತುದಿಗೆ ಒಂಟಿ ಎಳೆಯ ಫಾಲ್, ಫಾಲ್‌ನ ತುದಿಗೆ ದಾರದ ಕ್ರ್ಯಾಕರ್. ಎಂಟು ಅಡಿಯ ಚಾಟಿ ಅಂದರೆ ಗುಬುಟಿನಿಂದ ಹೆಣಿಗೆ ಮುಗಿಯುವ ತನಕ ಎಂಟು ಅಡಿ. ಫಾಲ್ ಮತ್ತು ಕ್ರ್ಯಾಕರ್ ಆ ಲೆಕ್ಕಕ್ಕೆ ಸೇರುವುದಿಲ್ಲ. ಹೋಲ್ಡರ್ ಕೊಳ್ಳುವವರು ಇದನ್ನು ಮರೆತು, ಸುರುಳಿ ಇಷ್ಟು ದಪ್ಪ ಆಗುತ್ತೆ ಅಂತ ಗೊತ್ತೇ ಇರಲಿಲ್ಲ ಅನ್ನುತ್ತಾರೆ.

ಲೆಕ್ಕ ಸುಲಭ. ಎಂಟು ಅಡಿ ಅಂದರೆ ಸುಮಾರು 244 ಸೆಂ.ಮೀ. ಅದರಲ್ಲಿ ಹಿಡಿಗೆ 25 ಸೆಂ.ಮೀ. ಕಳೆಯಿರಿ, ಉಳಿದದ್ದು ಸುಮಾರು 220. ಸುರುಳಿಯ ಅಗಲ 22 ಸೆಂ.ಮೀ. ಇಟ್ಟರೆ ಒಂದು ಸುತ್ತಿಗೆ 69 ಸೆಂ.ಮೀ. ಹೋಗುತ್ತದೆ. ಅಂದರೆ ಹೆಣಿಗೆ ಮೂರು ಸುತ್ತು, ಮೇಲೆ ಫಾಲ್‌ನದೊಂದು ಸುತ್ತು. ಹತ್ತು ಅಡಿಯ ಚಾಟಿಯಾದರೆ ಇನ್ನೊಂದು ಸುತ್ತು ಜಾಸ್ತಿ. ಇಷ್ಟೂ ಎಳೆ ಹಿಡಿಯ ಜೊತೆಗೆ ಪಟ್ಟಿಯೊಳಗೆ ಕೂರಬೇಕು.

ಸುರುಳಿಯ ಅಗಲ ಹಿಡಿಯ ಉದ್ದಕ್ಕೆ ಹತ್ತಿರವಿರಲಿ. ಹಿಡಿ ಬಗ್ಗುವುದಿಲ್ಲ, ಹಾಗಾಗಿ ಅದೇ ಸುರುಳಿಯ ಒಂದು ಬದಿಯಾಗಿ ನಿಲ್ಲುತ್ತದೆ. ತೀರಾ ಚಿಕ್ಕದಾಗಿ ಸುತ್ತಿದರೆ ಹಿಡಿ ಮುಗಿದು ಚಾಟಿ ಬಗ್ಗುವ ಜಾಗಕ್ಕೆ ಪೆಟ್ಟು. ಚರ್ಮದ ಚಾಟಿಗೆ ತನ್ನದೇ ಒಂದು ಬಾಗು ಇರುತ್ತದೆ. ನೆಲದ ಮೇಲೆ ಸಡಿಲವಾಗಿ ಬಿಟ್ಟರೆ ಯಾವ ಕಡೆ ಬಾಗುತ್ತದೆ ಅಂತ ಗೊತ್ತಾಗುತ್ತದೆ. ಆ ಕಡೆಗೇ ಸುತ್ತಿ. ಎದುರು ದಿಕ್ಕಿಗೆ ಸುತ್ತಿದ ಚಾಟಿ ಇಡೀ ದಿನ ಬಿಚ್ಚಿಕೊಳ್ಳಲು ಒದ್ದಾಡುತ್ತಿರುತ್ತದೆ. ಎಂಥಾ ಹೋಲ್ಡರ್ ಇದ್ದರೂ ಪ್ರಯೋಜನವಿಲ್ಲ.

ಈಗ ಸುತ್ತಿದ ಚಾಟಿಯನ್ನು ಎಡಗೈಯಲ್ಲಿ ಹಿಡಿಯಿರಿ. ಗುಬುಟಿನ ಸ್ವಲ್ಪವೇ ಕೆಳಗೆ, ಹಿಡಿಯನ್ನೂ ಎಲ್ಲ ಸುತ್ತುಗಳನ್ನೂ ಸೇರಿಸಿ ಟೈಲರ್ ಟೇಪನ್ನು ಸುತ್ತ ಬಿಗಿಯಾಗಿ ತನ್ನಿ. ಟೇಪ್ ಇಲ್ಲದಿದ್ದರೆ ದಾರ ಸುತ್ತಿ, ಆಮೇಲೆ ಸ್ಕೇಲಿನ ಮೇಲೆ ಅಳೆಯಿರಿ. ಎಂಟು ಅಡಿಯ ಚರ್ಮದ ಚಾಟಿಗೆ ಇದು 15ರಿಂದ 17 ಸೆಂ.ಮೀ. ಸುತ್ತಮುತ್ತ ಬರಬಹುದು. ನೈಲಾನ್ ಹಗ್ಗದಲ್ಲಿ ಹೆಣೆದದ್ದು ಕೆಲವೊಮ್ಮೆ ಇನ್ನೂ ದಪ್ಪ. ಹಗ್ಗದ ಮೇಲೆ ಬಣ್ಣ ಬಳಿದ ಬರೀ ವೇಷದ ಚಾಟಿಯಾದರೆ ಕಡಿಮೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಕೊಳ್ಳುವುದಾದರೂ ಮಾಡುವುದಾದರೂ ಇದೇ ಮುಖ್ಯ ಅಳತೆ. ಜೊತೆಗೆ ಬೆಲ್ಟಿನ ಅಗಲ ಮತ್ತು ದಪ್ಪ ಬೇಕು.

ತೂಕ ಎಷ್ಟು? ಎಂಟು ಅಡಿಯ ಒಳ್ಳೆಯ ಚರ್ಮದ ಚಾಟಿ ಅರ್ಧ ಕಿಲೋದ ಆಸುಪಾಸು ಇರುತ್ತದೆ. ಒಳಗೆ ಉಕ್ಕಿನ ಗುಂಡು ತುಂಬಿದ ನೈಲಾನ್ ಚಾಟಿ ಅದಕ್ಕಿಂತ ಜಾಸ್ತಿಯೂ ತೂಗಬಹುದು. ಕೇಳಲು ಕಡಿಮೆ. ಸೊಂಟದ ಒಂದೇ ಕಡೆ ಇಡೀ ದಿನ ಎಳೆಯುತ್ತಿದ್ದರೆ ತೆಳು ಬೆಲ್ಟ್ ಆ ಕಡೆಗೆ ವಾಲಿ ಪ್ಯಾಂಟನ್ನೂ ಕೆಳಗೆ ಜಗ್ಗುತ್ತದೆ. ಫ್ಯಾನ್ಸಿ ಬೆಲ್ಟಿಗೆ ಎಷ್ಟು ಒಳ್ಳೆಯ ಹೋಲ್ಡರ್ ಹಾಕಿದರೂ ಅಷ್ಟೇ. ಮೂರು ಮಿ.ಮೀ.ಗಿಂತ ದಪ್ಪದ ಗಟ್ಟಿ ಬೆಲ್ಟ್ ಮೊದಲು ನೋಡಿಕೊಳ್ಳಿ.

ಯಾವ ಬಗೆ ಯಾರಿಗೆ

ಬಳೆಯಿಂದ ಶುರು ಮಾಡೋಣ. ಬೆಲ್ಟಿಗೆ ಏರಿಸುವ ಚರ್ಮದ ತುಂಡು, ಅದರಲ್ಲಿ ಒಂದು ಉಕ್ಕಿನ ಬಳೆ. ಲಾಠಿಗೆ, ಸುತ್ತಿಗೆಗೆ ಅಂತ ಸಿದ್ಧವಾಗಿ ಸಿಗುತ್ತದೆ. ಹಿಡಿಯನ್ನು ಬಳೆಯೊಳಗೆ ಇಳಿಸಿದರೆ ಗುಬುಟು ಮೇಲೆ ಸಿಕ್ಕಿಕೊಳ್ಳುತ್ತದೆ. ಆದರೆ ಬಳೆ ಹಿಡಿಯುವುದು ಹಿಡಿಯನ್ನು ಮಾತ್ರ. ಸುರುಳಿಯನ್ನು ಹಿಡಿಯಲು ಏನೂ ಇಲ್ಲ. ನಾಲ್ಕು ಹೆಜ್ಜೆ ನಡೆದರೆ ಸುತ್ತುಗಳು ಒಂದೊಂದಾಗಿ ಜಾರುತ್ತವೆ. ಲಾಠಿಗೆ ಸರಿ, ಸುತ್ತಿಗೆಗೆ ಸರಿ, ಚಾಟಿಗೆ ಅಲ್ಲ. ಬಳೆಗೆ ಒಂದು ಪಟ್ಟಿ ಸೇರಿಸಿದರೆ ಕಥೆಯೇ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಕ್ಯಾರಬೀನರ್ ಕೊಕ್ಕೆ ಹಾಕಿ ಹಿಡಿಯ ಬುಡದ ಕುಣಿಕೆಗೆ ಸಿಕ್ಕಿಸುವವರೂ ಇದ್ದಾರೆ. ಬೇಡ. ಆ ಕುಣಿಕೆ ಇರುವುದು ಗೋಡೆಯ ಗೂಟಕ್ಕೆ ನೇತುಹಾಕಲು. ಇಡೀ ದಿನ ಕುಲುಕಾಡುವ ತೂಕ ಹೊರಲು ಅಲ್ಲ. ಲೋಹ ಉಜ್ಜಿ ಗುಬುಟಿನ ಹೆಣಿಗೆಯೂ ಹಾಳು.

ವೆಲ್ಕ್ರೋ ಪಟ್ಟಿಯನ್ನು ಅನುಭವಿಗಳು ಹೀಯಾಳಿಸುತ್ತಾರೆ, ನಾನು ಹೀಯಾಳಿಸುವುದಿಲ್ಲ. ಮಕ್ಕಳ ವೇಷಕ್ಕೆ, ಹಗುರ ಹಗ್ಗದ ಚಾಟಿಗೆ ಅದೇ ಒಳ್ಳೆಯದು. ಅಳತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಜೋರಾಗಿ ಎಳೆದರೆ ತಾನೇ ಬಿಟ್ಟುಕೊಳ್ಳುತ್ತದೆ, ಮಗು ಎಲ್ಲಾದರೂ ಸಿಕ್ಕಿಕೊಂಡು ಬೀಳುವುದಿಲ್ಲ. ಆದರೆ ಒರಟು ಬದಿ ನೈಲಾನ್ ಹೆಣಿಗೆಗೆ ತಾಗಿದರೆ ಎಳೆ ಎದ್ದು ಜುಂಗುಜುಂಗಾಗುತ್ತದೆ. ಒರಟು ಬದಿ ಹೊರಗೆ, ಮೆತ್ತನೆಯ ಬದಿ ಚಾಟಿಯ ಕಡೆಗೆ ಬರುವ ಹಾಗೆ ಹೊಲಿಯಿರಿ. ಇನ್ನು ಆ ಪರ್ರ್ ಸದ್ದು. ಹಳೇ ಕಾಲದ ಸಾಹಸಿಯ ಸೊಂಟದಿಂದ ಆ ಸದ್ದು ಬಂದರೆ ನೋಡುವವರಿಗೆ ನಗು ಬರದೆ ಇರದು.

ಮ್ಯಾಗ್ನೆಟ್ ಬೀಗದ ಪಟ್ಟಿ ವೇದಿಕೆಯ ಮೇಲೆ ಚೆನ್ನ. ಕ್ಷಣದಲ್ಲಿ ಬಿಚ್ಚುತ್ತದೆ. ಅಷ್ಟೇ ಸಲೀಸಾಗಿ ಬೇಡದ ಹೊತ್ತಿನಲ್ಲೂ ಬಿಚ್ಚುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂಥ ಬಲವಾದ ಮ್ಯಾಗ್ನೆಟ್ಟಿನಿಂದ ದೂರ ಇರಬೇಕು.

ಬಕಲ್ ಪಟ್ಟಿ ಇದೆಯಲ್ಲ, ಕೈಗಡಿಯಾರದ ಪಟ್ಟಿಯ ಹಾಗೆ ತೂತು-ಮುಳ್ಳಿನದು, ಅದು ಎಲ್ಲಕ್ಕಿಂತ ಭದ್ರ. ನಾಲ್ಕೈದು ತೂತು ಇಟ್ಟರೆ ಬೇರೆ ಬೇರೆ ದಪ್ಪದ ಚಾಟಿಗೂ ಆಗುತ್ತದೆ. ಬಿಚ್ಚಲು ಎರಡು ಕೈ ಬೇಕು, ಅದೊಂದೇ ಕೊರತೆ. ಚಾಟಿಯನ್ನು ಹೊರಗೆ ತೆಗೆಯುವುದೇ ಇಲ್ಲ, ಬರೀ ಫೋಟೋಗೆ ನಿಲ್ಲುವುದು ಅನ್ನುವವರಿಗೆ ಕೊರತೆಯೇ ಅಲ್ಲ.

ಉಳಿದದ್ದು ಎರಡು, ಟಿಚ್ ಬಟನ್ ಮತ್ತು ಸ್ಟಡ್. ನಿಜವಾದ ಪೈಪೋಟಿ ಇರುವುದು ಇವುಗಳ ನಡುವೆ.

ಟಿಚ್ ಬಟನ್ ಹೋಲ್ಡರ್ ಎಲ್ಲ ಕಡೆ ಸಿಗುತ್ತದೆ. ಒಂದೇ ಉದ್ದ ಪಟ್ಟಿ, ಮೇಲ್ಭಾಗ ಬೆಲ್ಟಿಗೆ ಕುಣಿಕೆ, ಕೆಳಭಾಗ ಚಾಟಿಯನ್ನು ಸುತ್ತಿ ಬಂದು ಟಪ್ ಅಂತ ಕೂರುತ್ತದೆ. ನೋಡಲು ಚೆನ್ನಾಗಿದೆ, ಒಂದೇ ಕೈ ಸಾಕು. ತೊಂದರೆ ಬಟನ್ನಿನ ಜಾಗದಲ್ಲಿ. ಟಿಚ್ ಬಟನ್‌ಗೆ ಪಕ್ಕಕ್ಕೆ ಎಳೆದರೆ ತಡೆಯುವ ಶಕ್ತಿ ಜಾಸ್ತಿ, ಮೇಲಕ್ಕೆ ಎತ್ತಿದರೆ ಕಡಿಮೆ. ಅದು ಇರುವುದೇ ಹಾಗೆ, ಇಲ್ಲದಿದ್ದರೆ ನಾವು ಬಿಚ್ಚುವುದಾದರೂ ಹೇಗೆ? ಪಟ್ಟಿ ಬಟನ್ ದಾಟಿದ ಕೂಡಲೇ ಚಾಟಿಯ ಉಬ್ಬಿನ ಮೇಲೆ ತಿರುಗುವಂತಿದ್ದರೆ, ಪ್ರತಿ ಹೆಜ್ಜೆಗೂ ಸುರುಳಿ ಬಟನ್ನಿನ ಅಂಚನ್ನು ಎತ್ತುತ್ತಾ ಇರುತ್ತದೆ. ಕುರ್ಚಿಯಲ್ಲಿ ಕೂತಾಗ ನೋಡಿ. ತೊಡೆ ಸುರುಳಿಯನ್ನು ಮೇಲಕ್ಕೆ ನೂಕುತ್ತದೆ, ಸುರುಳಿ ಪಟ್ಟಿಯನ್ನು ಹೊರಕ್ಕೆ ನೂಕುತ್ತದೆ, ಬಟನ್ ಟಪ್ ಎನ್ನುತ್ತದೆ. ಎದ್ದು ನಿಂತಾಗ ಚಾಟಿ ಕುರ್ಚಿಯ ಕೆಳಗೆ. ಬಟನ್ ಸುರುಳಿಯ ಮೇಲೆ ಕೂರದೆ, ಅದಕ್ಕಿಂತ ಮೇಲೆ, ಬೆಲ್ಟಿನ ಹತ್ತಿರ ಪಟ್ಟಿ ಚಪ್ಪಟೆಯಾಗಿರುವ ಕಡೆ ಕೂತರೆ ಈ ತೊಂದರೆ ಬಹುಪಾಲು ಹೋಗುತ್ತದೆ. ಕೊಳ್ಳುವಾಗ ಫೋಟೋದಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಪುಲ್-ದ-ಡಾಟ್ ಅನ್ನುವ ಬಗೆಯ ಬಟನ್ ಇದೆ. ಅದು ಮೂರು ಕಡೆಯಿಂದ ಎತ್ತಿದರೂ ಬಿಡುವುದಿಲ್ಲ, ಒಂದು ಕಡೆಯಿಂದ ಎತ್ತಿದರೆ ಮಾತ್ರ ಬಿಡುತ್ತದೆ. ಆ ಕಡೆಗೆ ಮೇಲ್ಮೈಯಲ್ಲಿ ಒಂದು ಸಣ್ಣ ಚುಕ್ಕೆ ಇರುತ್ತದೆ. ವೇದಿಕೆಯ ಮೇಲೆ ಚಾಟಿ ತೆಗೆಯಬೇಕಾದವರಿಗೆ ಇದಕ್ಕಿಂತ ಒಳ್ಳೆಯದು ಕಾಣೆ.

ಸ್ಟಡ್ ಅಂದರೆ ಕುತ್ತಿಗೆ ಸಣ್ಣ, ತಲೆ ಗುಂಡಗೆ ಇರುವ ಹಿತ್ತಾಳೆಯ ಮೊಳೆ. ಪಟ್ಟಿಯಲ್ಲಿ ಒಂದು ತೂತು, ತೂತಿನಿಂದ ಒಂದು ಸಣ್ಣ ಸೀಳು. ತಲೆಯನ್ನು ಸೀಳಿನ ಮೂಲಕ ಒತ್ತಿ ದಾಟಿಸಿದರೆ ಕುತ್ತಿಗೆ ತೂತಿನಲ್ಲಿ ಕೂರುತ್ತದೆ. ಇದನ್ನು ಸ್ಯಾಮ್ ಬ್ರೌನ್ ಸ್ಟಡ್ ಅನ್ನುತ್ತಾರೆ. ಸೇನೆ, ಪೊಲೀಸ್ ಅಧಿಕಾರಿಗಳು ಭುಜದ ಮೇಲೊಂದು ಅಡ್ಡ ಪಟ್ಟಿಯೊಂದಿಗೆ ಧರಿಸುವ ಬೆಲ್ಟಿನ ಹೆಸರೇ ಇದಕ್ಕೂ ಬಂದಿದೆ. ಸ್ಯಾಮ್ ಬ್ರೌನ್ ಬ್ರಿಟಿಷ್ ಇಂಡಿಯಾ ಸೇನೆಯ ಅಧಿಕಾರಿ. 1858ರಲ್ಲಿ ಕಾಳಗದಲ್ಲಿ ಎಡಗೈ ಕಳೆದುಕೊಂಡವನು. ಒಂದೇ ಕೈಯಲ್ಲಿ ಕತ್ತಿ ಎಳೆಯಬೇಕಾದವನ ಹೆಸರಿನ ಬಟನ್ನು, ಒಂದೇ ಕೈಯಲ್ಲಿ ಚಾಟಿ ಎಳೆಯಬೇಕಾದ ನಮಗೂ ಒದಗಿ ಬಂದಿದೆ.

ಸ್ಟಡ್‌ನಲ್ಲಿ ಸ್ಪ್ರಿಂಗ್ ಇಲ್ಲ, ಸವೆಯುವಂಥದ್ದು ಏನೂ ಇಲ್ಲ. ಚರ್ಮದ ತೂತು ಕಾಲಕ್ರಮೇಣ ಸ್ವಲ್ಪ ಹಿಗ್ಗುತ್ತದೆ. ಆಗ ಪಕ್ಕದಲ್ಲಿ ಇನ್ನೊಂದು ತೂತು ಹೊಡೆದರಾಯಿತು. ಹೊಸದಾಗಿದ್ದಾಗ ಬಿಗಿ, ಹೆಬ್ಬೆರಳಿಗೆ ನೋವಾಗುವಷ್ಟು. ಹತ್ತಾರು ಸಲ ಹಾಕಿ ತೆಗೆದ ಮೇಲೆ ಹದಕ್ಕೆ ಬರುತ್ತದೆ. ನನ್ನ ಮತ ಸ್ಟಡ್‌ಗೇ. ಅದರಲ್ಲೂ ಮನೆಯಲ್ಲಿ ಮಾಡುವವರಿಗೆ ಇದನ್ನೇ ಹೇಳುತ್ತೇನೆ. ಟಿಚ್ ಬಟನ್ ಕೂರಿಸಲು ಅದರದೇ ಅಚ್ಚು ಬೇಕು, ಸುತ್ತಿಗೆ ಪೆಟ್ಟು ವಾರೆಯಾದರೆ ಬಟನ್ ಕೆಡುತ್ತದೆ. ಸ್ಟಡ್‌ಗೆ ಸಾಮಾನ್ಯವಾಗಿ ಹಿಂದೆ ಸ್ಕ್ರೂ ಇರುತ್ತದೆ, ಸ್ಕ್ರೂಡ್ರೈವರ್ ಸಾಕು.

ಸೊಂಟದ ಮೇಲೆ ಎಲ್ಲಿ

ಪಟ್ಟಿ ನೇರವಾಗಿ ಬೆಲ್ಟಿಗೆ ಅಂಟಿಕೊಂಡಿದ್ದರೆ ಚಾಟಿ ಮೈಗೆ ಒತ್ತಿ ಕೂರುತ್ತದೆ. ಓಡಿದರೂ ಜಾಸ್ತಿ ಕುಲುಕುವುದಿಲ್ಲ. ಜಾಕೆಟ್ ಹಾಕಿದರೆ ಮಾತ್ರ ಗುಬುಟು ಜಾಕೆಟ್ಟಿನ ಅಂಚನ್ನು ಎತ್ತಿ ಹಿಡಿಯುತ್ತದೆ. ಅದರ ಬದಲು ಬೆಲ್ಟ್ ಕುಣಿಕೆಗೆ ಒಂದು ಲೋಹದ ಬಳೆ, ಬಳೆಗೆ ಪಟ್ಟಿ ಹಾಕಿದರೆ ಚಾಟಿ ಮೂರು ನಾಲ್ಕು ಸೆಂ.ಮೀ. ಕೆಳಗಿಳಿಯುತ್ತದೆ. ಜಾಕೆಟ್ ಅದರ ಮೇಲೆ ಚೆನ್ನಾಗಿ ಬೀಳುತ್ತದೆ. ಕೂತಾಗ ಸುರುಳಿ ತಾನೇ ತಿರುಗಿ ತೊಡೆಯ ಪಕ್ಕಕ್ಕೆ ಸರಿಯುತ್ತದೆ. ಬಳೆಗೆ ಪಟ್ಟಿ ಸೇರಿದರೆ ಕಥೆ ಬೇರೆ ಅಂದದ್ದು ಇದಕ್ಕೇ. ದಿನವಿಡೀ ಓಡಾಡಿ, ಕೂತು, ಎದ್ದು ಮಾಡುವವರಿಗೆ ಬಳೆಯದ್ದೇ ಸುಖ. ಕುಣಿಯುವ, ಹೊಡೆದಾಡುವ ಪಾತ್ರಕ್ಕೆ ನೇರ ಪಟ್ಟಿ.

ಪಕ್ಕೆಲುಬಿನ ನೇರಕ್ಕೆ ಸೊಂಟದ ಮೂಳೆಯ ಮೇಲೆ ಹಾಕಬೇಡಿ, ಒತ್ತುತ್ತದೆ. ಮೂಳೆಯ ಸ್ವಲ್ಪ ಹಿಂದೆ ಹಾಕಿದರೆ ನಿಂತಾಗ ನೋಡಲು ಚೆಂದ, ಕೂತಾಗ ಕುರ್ಚಿಯ ಬೆನ್ನಿಗೆ ಸಿಕ್ಕಿ ನಜ್ಜು. ಮುಂದೆ ಹಾಕಿದರೆ ಕೂರಲು ಸುಖ, ನಡೆಯುವಾಗ ತೊಡೆಗೆ ತಾಗುತ್ತದೆ. ಎರಡರ ನಡುವೆ ನಿಮ್ಮ ಮೈಗೆ ಹೊಂದುವ ಜಾಗ ಹುಡುಕಿಕೊಳ್ಳಬೇಕು. ಒಂದು ಕಡೆ ಹೆಗಲಚೀಲವೋ ಪಿಸ್ತೂಲಿನ ಕವಚವೋ ಇದ್ದರೆ ಚಾಟಿ ಇನ್ನೊಂದು ಕಡೆಗೆ. ಒಂದೇ ಕಡೆ ಎರಡನ್ನೂ ಹಾಕಿದರೆ ಚೀಲದ ಬಾರು ಗುಬುಟಿಗೆ ಸಿಕ್ಕಿಕೊಳ್ಳುವುದು ಗ್ಯಾರಂಟಿ.

ಗುಬುಟು ಮೇಲೆ, ಪಟ್ಟಿ ಅದರ ಸ್ವಲ್ಪವೇ ಕೆಳಗೆ. ಹೀಗಿದ್ದರೆ ಪಟ್ಟಿ ಸಡಿಲವಾದರೂ ಗುಬುಟು ಅಡ್ಡ ನಿಂತು ಚಾಟಿ ಕೆಳಗೆ ಜಾರದಂತೆ ತಡೆಯುತ್ತದೆ. ಹಿಡಿಯ ಮಧ್ಯಕ್ಕೆ ಪಟ್ಟಿ ಕಟ್ಟಿದರೆ ಗುಬುಟು ಪಕ್ಕೆಗೆ ಚುಚ್ಚುತ್ತದೆ, ಸುರುಳಿಯೂ ವಾಲುತ್ತದೆ. ಫಾಲ್‌ನ ತುದಿಯನ್ನು ಸುರುಳಿಯೊಳಗೆ ತೂರಿಸಿ ಪಟ್ಟಿಯ ಕೆಳಗೆ ಸಿಕ್ಕಿಸಿ. ಕ್ರ್ಯಾಕರ್ ಹೊರಗೆ ಜೋತಾಡುತ್ತಿದ್ದರೆ ಬಾಗಿಲಿನ ಸಂದಿಗೋ ಯಾರದ್ದೋ ಕಾಲಡಿಗೋ ಸಿಗುತ್ತದೆ.

ಮಾಡುವುದಾದರೆ

ಚರ್ಮದಲ್ಲಿ ವೆಜಿಟೇಬಲ್ ಟ್ಯಾನ್ ಮಾಡಿದ್ದು, ಅಂದರೆ ಮರದ ತೊಗಟೆಯಂಥದ್ದರ ಒಗರಿನಲ್ಲಿ ಹದ ಮಾಡಿದ್ದು, 3 ಮಿ.ಮೀ. ದಪ್ಪ, 2.5 ಸೆಂ.ಮೀ. ಅಗಲ. ಇಷ್ಟಿದ್ದರೆ ಸಾಕು. ಕ್ರೋಮಿಯಂ ಲವಣದಲ್ಲಿ ಹದ ಮಾಡಿದ ಕ್ರೋಮ್ ಟ್ಯಾನ್ ಚರ್ಮ ಮೆತ್ತಗಿರುತ್ತದೆ, ನೀರಿಗೂ ಹೆದರುವುದಿಲ್ಲ, ಆದರೆ ತೂಕಕ್ಕೆ ಹಿಗ್ಗುತ್ತದೆ. ವೆಜಿಟೇಬಲ್ ಟ್ಯಾನ್ ಆಕಾರ ಹಿಡಿದು ನಿಲ್ಲುತ್ತದೆ. ಬಳಸುತ್ತಾ ಬಣ್ಣ ಕಪ್ಪಾಗಿ ವೇಷಕ್ಕೆ ಬೇಕಾದ ಹಳೆಯ ಕಳೆ ಬರುತ್ತದೆ.

ಹಳೇ ಬೆಲ್ಟ್ ಕತ್ತರಿಸಿ ಮಾಡಬಹುದಾ? ಖಂಡಿತ. ಕತ್ತರಿಸಿದ ಅಂಚನ್ನು ಮೊದಲು ನೋಡಿ. ಮೇಲಿಂದ ಕೆಳಗಿನ ತನಕ ಒಂದೇ ನಾರು ನಾರಾದ ಚರ್ಮ ಕಂಡರೆ ಒಳ್ಳೆಯದು. ನಡುವೆ ರಟ್ಟಿನಂಥ ಪದರ, ಮೇಲೆ ಪ್ಲಾಸ್ಟಿಕ್ ಹಾಳೆಯಂಥದ್ದು ಕಂಡರೆ ಅದು ಚರ್ಮದ ಪುಡಿಗೆ ಅಂಟು ಸೇರಿಸಿ ಒತ್ತಿದ್ದು. ತೂತು ಹೊಡೆದ ಕಡೆಯೇ ಹರಿಯುತ್ತದೆ. ಚರ್ಮ ಬೇಡ ಅನ್ನುವವರಿಗೆ 2.5 ಸೆಂ.ಮೀ. ಅಗಲದ ನೈಲಾನ್ ಪಟ್ಟಿ ಇದೆ. ತುದಿಯನ್ನು ಬೆಂಕಿಗೆ ಹಿಡಿದು ಎಳೆ ಬಿಚ್ಚದಂತೆ ಕರಗಿಸಿಕೊಳ್ಳಬೇಕು. ಭದ್ರವಾಗಿರುತ್ತದೆ, ಆದರೆ ಚರ್ಮದ ಚಾಟಿಯ ಪಕ್ಕ ಸ್ಕೂಲ್ ಬ್ಯಾಗಿನ ಬಾರಿನ ಹಾಗೆ ಕಾಣುತ್ತದೆ.

ಅಳತೆ ಹೀಗೆ ಬರುತ್ತದೆ. ನಿಮ್ಮ ಬೆಲ್ಟ್ 4 ಸೆಂ.ಮೀ. ಅಗಲ ಅನ್ನಿ. ಅದನ್ನು ಸುತ್ತಿ ಬರಲು ಮುಂದೆ 4, ಹಿಂದೆ 4, ದಪ್ಪಕ್ಕೂ ಸಡಿಲಕ್ಕೂ ಸೇರಿ 1.5. ಒಟ್ಟು 9.5. ಹೊಲಿಗೆಗೆ 3. ಚಾಟಿಯ ಸುತ್ತಳತೆ 16. ಸ್ಟಡ್ ಮೇಲೆ ಬಂದು ಕೂರುವ ಭಾಗಕ್ಕೂ ಹಿಡಿದೆಳೆಯುವ ತುದಿಗೂ 5. ಎಲ್ಲ ಸೇರಿ 33.5. ನೀವು 38 ಸೆಂ.ಮೀ. ಕತ್ತರಿಸಿ. ಜಾಸ್ತಿಯಾದರೆ ಆಮೇಲೆ ಕತ್ತರಿಸಬಹುದು, ಕಡಿಮೆಯಾದರೆ ಏನೂ ಮಾಡಲು ಬರುವುದಿಲ್ಲ. ಅದಕ್ಕೂ ಮೊದಲು ದಪ್ಪ ರಟ್ಟಿನಲ್ಲೋ ಹಳೇ ಬಟ್ಟೆಯ ಪಟ್ಟಿಯಲ್ಲೋ ಒಂದು ಮಾದರಿ ಮಾಡಿ, ಬೆಲ್ಟಿಗೆ ಹಾಕಿ, ಚಾಟಿ ಸಿಕ್ಕಿಸಿ, ಕನ್ನಡಿ ಮುಂದೆ ಕೂತು ಎದ್ದು ನೋಡಿ.

ಕುಣಿಕೆಯ ಹೊಲಿಗೆ ಎಲ್ಲಕ್ಕಿಂತ ಮುಖ್ಯ, ಇಡೀ ತೂಕ ಅದರ ಮೇಲೇ. ದಬ್ಬಳದಿಂದ ಅಥವಾ ಪಂಚಿನಿಂದ ಸಮ ದೂರದಲ್ಲಿ ತೂತು ಮಾಡಿಕೊಳ್ಳಿ. ಮೇಣ ಉಜ್ಜಿದ ಗಟ್ಟಿ ದಾರದ ಎರಡು ತುದಿಗೂ ಒಂದೊಂದು ಸೂಜಿ ಪೋಣಿಸಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರಾಗಿ ದಾಟಲಿ. ಹೀಗೆ ಹೊಲಿದರೆ ಎಲ್ಲೋ ಒಂದು ಕಡೆ ದಾರ ಕಡಿದರೂ ಉಳಿದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಮೆಷಿನ್ ಹೊಲಿಗೆಗೆ ಈ ಗುಣ ಇಲ್ಲ. ಹೊಲಿಗೆ ಬೇಡ ಅಂದರೆ ಎರಡು ರಿವೆಟ್ ಹಾಕಿ. ಒಂದೇ ರಿವೆಟ್ ಹಾಕಿದರೆ ಪಟ್ಟಿ ಅದರ ಸುತ್ತ ತಿರುಗುತ್ತದೆ.

ಬೆಲ್ಟಿನ ಕುಣಿಕೆಯನ್ನು ಪೂರ್ತಿ ಹೊಲಿದುಬಿಟ್ಟರೆ ಹೋಲ್ಡರ್ ತೆಗೆಯಲು ಪ್ರತಿ ಸಲ ಬೆಲ್ಟ್ ಬಿಚ್ಚಬೇಕು. ಕಾರಿನಲ್ಲಿ ಕೂರಲು, ಶೌಚಾಲಯಕ್ಕೆ ಹೋಗಲು ಇದು ರಗಳೆ. ಕುಣಿಕೆಗೂ ಒಂದು ಸ್ಟಡ್ ಹಾಕಿ ಬಿಚ್ಚುವ ಹಾಗೆ ಮಾಡಬಹುದು. ನೋಟಕ್ಕೆ ಸ್ವಲ್ಪ ದಪ್ಪ, ಬಳಕೆಗೆ ಬಹಳ ಹಗುರ.

ಲೋಹದ ವಿಷಯದಲ್ಲಿ ಜಾಣತನ ಬೇಕು. ವೆಜಿಟೇಬಲ್ ಟ್ಯಾನ್ ಚರ್ಮಕ್ಕೆ ಬರೀ ಕಬ್ಬಿಣ ತಾಗಿ ತೇವ ಸೇರಿದರೆ ಕಪ್ಪು ಕಲೆ ಬೀಳುತ್ತದೆ. ಚರ್ಮದಲ್ಲಿರುವ ಒಗರು ಕಬ್ಬಿಣದ ಜೊತೆ ಸೇರಿ ಮಸಿಯಾಗುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಹಿತ್ತಾಳೆ ಅಥವಾ ನಿಕಲ್ ಲೇಪದ್ದು ತನ್ನಿ. ಹಿತ್ತಾಳೆಗೂ ಎಣ್ಣೆ ಹಾಕಿದ ಚರ್ಮದ ಜೊತೆ ಹಸಿರು ಕಿಲುಬು ಕಟ್ಟುತ್ತದೆ, ಆದರೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ರಿವೆಟ್ ಅಥವಾ ಸ್ಕ್ರೂವಿನ ಹಿಂಭಾಗ ಚಾಟಿಗೆ ನೇರ ತಾಗದಿರಲಿ. ತೆಳು ಚರ್ಮದ ಒಂದು ತುಂಡು ಒಳಗೆ ಅಂಟಿಸಿ ಮುಚ್ಚಿ. ಒಳ್ಳೆಯ ಚಾಟಿಗಳನ್ನು ಹೆಣೆಯುವ ಕಾಂಗರೂ ಚರ್ಮ ಗಟ್ಟಿಯೇ, ಆದರೆ ಅದರ ಎಳೆ ಬಹಳ ತೆಳು. ಲೋಹದ ಅಂಚು ಉಜ್ಜಿ ಉಜ್ಜಿ ಒಂದು ಎಳೆ ಹೋದರೆ ಹೆಣಿಗೆಯೇ ಸಡಿಲವಾಗುತ್ತದೆ. ಪಟ್ಟಿಯ ಅಂಚನ್ನೂ ಇದೇ ಕಾರಣಕ್ಕೆ ಉಪ್ಪುಕಾಗದದಲ್ಲಿ ತಿಕ್ಕಿ ದುಂಡಗೆ ಮಾಡಿ.

ಸ್ಟಡ್‌ನ ತೂತು ಹೊಡೆಯುವಾಗ ಅವಸರ ಬೇಡ. ತೂತು ಕುತ್ತಿಗೆಯಷ್ಟೇ ಇರಲಿ, ತಲೆಯಷ್ಟು ಬೇಡ. ತೂತಿನಿಂದ ಪಟ್ಟಿಯ ತುದಿಗೆ ಎದುರು ಕಡೆಗೆ ಮೂರು ಮಿ.ಮೀ. ಸೀಳಿ ಹಾಕಿ ನೋಡಿ. ತಲೆ ದಾಟಲೇ ಇಲ್ಲ ಅಂದರೆ ಇನ್ನೊಂದು ಮಿ.ಮೀ. ಸೀಳಿ. ತುದಿಯ ಕಡೆಗೆ ಸೀಳು ಬೇಡ. ಚಾಟಿ ಎಳೆಯುವಾಗ ಕುತ್ತಿಗೆ ಒತ್ತುವುದು ತೂತಿನ ಒಂದು ಅಂಚಿಗೆ ಮಾತ್ರ. ಸೀಳು ಆ ಅಂಚಿನಲ್ಲೇ ಇದ್ದರೆ ಸ್ಟಡ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೊದಲು ಬಳಪದಲ್ಲಿ ಗುರುತು ಮಾಡಿ, ಪಟ್ಟಿ ಎಳೆದು ಯಾವ ಅಂಚಿಗೆ ಭಾರ ಬೀಳುತ್ತದೆ ಅಂತ ಕಣ್ಣಾರೆ ನೋಡಿ, ಆಮೇಲೆ ಚಾಕು.

ಟಿಚ್ ಬಟನ್ನೇ ಬೇಕು ಅನ್ನುವವರು ಅದರ ಕಾಲಿನ ಉದ್ದ ನೋಡಿ. ಬಟ್ಟೆಗೆ ಅಂತ ಮಾಡಿದ ಬಟನ್ನಿನ ಕಾಲು ಗಿಡ್ಡ, 3 ಮಿ.ಮೀ. ಚರ್ಮ ದಾಟಿ ಹರಡಿಕೊಳ್ಳಲು ಅದಕ್ಕೆ ಉದ್ದ ಸಾಲುವುದಿಲ್ಲ. ಮೊದಲು ಕೂತಂತೆ ಕಾಣುತ್ತದೆ, ನಾಲ್ಕು ದಿನದಲ್ಲಿ ಕಿತ್ತು ಬರುತ್ತದೆ. ಬಟನ್ ಬರುವ ಜಾಗದಲ್ಲಿ ಚರ್ಮವನ್ನು ಹಿಂದಿನಿಂದ ಕೆರೆದು ತೆಳು ಮಾಡಬೇಕು, ಇಲ್ಲವೇ ಉದ್ದ ಕಾಲಿನದು ತರಬೇಕು.

ಬಣ್ಣ ಹಚ್ಚಿದರೆ ಪೂರ್ತಿ ಒಣಗಲು ಬಿಡಿ. ಆಮೇಲೆ ಒಣ ಬಿಳಿ ಬಟ್ಟೆಯಲ್ಲಿ ಉಜ್ಜುತ್ತಾ ಇರಿ, ಬಟ್ಟೆಗೆ ಬಣ್ಣ ಬರುವುದು ನಿಲ್ಲುವ ತನಕ. ಇದನ್ನು ಬಿಟ್ಟರೆ ತಿಳಿ ಬಣ್ಣದ ಪ್ಯಾಂಟಿನ ಮೇಲೆ ಕಂದು ಪಟ್ಟೆ ಮೂಡುತ್ತದೆ. ಚಾಟಿ ತಿಳಿ ಬಣ್ಣದ್ದಾದರೆ ಅದಕ್ಕೂ ಹತ್ತುತ್ತದೆ.

ಕೊಳ್ಳುವುದಾದರೆ

ಮಾರುವವರು ಹಾಕುವ ಫೋಟೋ ಬಹುಪಾಲು ಮುಂಭಾಗದ್ದೇ. ಹಿಂಭಾಗದ ಫೋಟೋ ಕೇಳಿ. ಹೊಲಿಗೆ ಎಷ್ಟು ಸಾಲು, ರಿವೆಟ್ಟಿನ ಹಿಂಭಾಗ ಮುಚ್ಚಿದೆಯಾ, ಬಟನ್ ಎಲ್ಲಿ ಕೂತಿದೆ ಎಲ್ಲ ಅಲ್ಲಿ ಕಾಣುತ್ತದೆ. ಎಷ್ಟು ಅಗಲದ ಬೆಲ್ಟ್ ಹಿಡಿಯುತ್ತದೆ, ಪಟ್ಟಿ ಮುಚ್ಚಿದಾಗ ಒಳಗಿನ ಸುತ್ತಳತೆ ಎಷ್ಟು ಅಂತ ಸೆಂ.ಮೀ.ನಲ್ಲೇ ಕೇಳಿ. ಎಲ್ಲ ಚಾಟಿಗೂ ಆಗುತ್ತೆ ಅನ್ನುವ ಉತ್ತರ ಬಂದರೆ ಮುಂದಕ್ಕೆ ಹೋಗಿ. ಆರು ಅಡಿಯ ಚಾಟಿಗೂ ಹನ್ನೆರಡು ಅಡಿಯದಕ್ಕೂ ಒಂದೇ ಬಟನ್ನಿನ ಪಟ್ಟಿ ಸರಿಹೋಗುವುದು ಸಾಧ್ಯವಿಲ್ಲ. ಚರ್ಮದ ದಪ್ಪ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ಹಗುರ ಚಾಟಿಗೆ ಮಾತ್ರ.

ಕೈಗೆ ಬಂದ ಮೇಲೆ, ವಾಪಸ್ ಕಳಿಸುವ ಅವಧಿ ಇರುವಾಗಲೇ, ಮನೆಯಲ್ಲಿ ಪರೀಕ್ಷೆ ಮಾಡಿ. ಚಾಟಿ ಸಿಕ್ಕಿಸಿ ಹತ್ತು ಸಲ ಜಿಗಿಯಿರಿ. ಕೈ ಇರುವ ಕುರ್ಚಿಯಲ್ಲಿ ಕೂತು ಏಳಿ, ಬಗ್ಗಿ ಶೂ ಲೇಸ್ ಕಟ್ಟಿ. ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ತೆಗೆದು ವಾಪಸ್ ಹಾಕಿ. ತೆಗೆಯುವುದು ಸುಲಭ, ವಾಪಸ್ ಹಾಕುವಾಗಲೇ ಹೋಲ್ಡರಿನ ಬಣ್ಣ ಬಯಲಾಗುವುದು. ಪಟ್ಟಿ ತೀರಾ ಮೆತ್ತಗಿದ್ದರೆ ಬೆರಳಿಗೆ ಸಿಗದೆ ಸುರುಳಿಯ ಹಿಂದೆ ಬಿದ್ದಿರುತ್ತದೆ.

ಮನೆಯಲ್ಲಿ ಮಾಡುವುದು ಲಾಭವಾ? ಪಂಚು, ಸೂಜಿ, ಸುತ್ತಿಗೆ ಈಗಾಗಲೇ ಇದ್ದರೆ ಖಂಡಿತ. ಒಂದೇ ಪಟ್ಟಿಗಾಗಿ ಎಲ್ಲ ಸಲಕರಣೆ ಕೊಳ್ಳುವುದಾದರೆ ದುಡ್ಡಿನ ಲೆಕ್ಕದಲ್ಲಿ ಉಳಿತಾಯ ಏನೂ ಇಲ್ಲ. ಅಳತೆ ಮಾತ್ರ ನಿಮ್ಮ ಚಾಟಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ. ನಡುವಿನ ದಾರಿಯೂ ಇದೆ. ಮೇಲಿನ ಅಳತೆಗಳನ್ನು ಕಾಗದದಲ್ಲಿ ಬರೆದು, ಚಾಟಿ ಮತ್ತು ಬೆಲ್ಟ್ ಎರಡನ್ನೂ ತೆಗೆದುಕೊಂಡು ಚರ್ಮದ ಕೆಲಸ ಮಾಡುವವರ ಹತ್ತಿರ ಹೋಗಿ. ಚಪ್ಪಲಿ, ಚೀಲ ಹೊಲಿಯುವವರಿಗೆ ಇದು ಸಣ್ಣ ಕೆಲಸ. ಸೀಳಿನ ದಿಕ್ಕು ಮಾತ್ರ ನೀವೇ ಪಕ್ಕದಲ್ಲಿ ನಿಂತು ಹೇಳಿ.

ಜನರ ನಡುವೆ, ಮತ್ತೆ ಮನೆಯಲ್ಲಿ

ಚಾಟಿ ಸದ್ದು ಮಾಡುವುದು ಅದರ ತುದಿ ಶಬ್ದದ ವೇಗವನ್ನು ದಾಟುವುದರಿಂದ. ಅಂದರೆ ಸೆಕೆಂಡಿಗೆ ಸುಮಾರು 340 ಮೀಟರಿಗಿಂತ ಜಾಸ್ತಿ. ವೇಷಧಾರಿಗಳ ಸಮಾವೇಶಗಳಲ್ಲಿ ಚಾಟಿ ಬೀಸಲು ಸಾಮಾನ್ಯವಾಗಿ ಬಿಡುವುದಿಲ್ಲ. ಕೆಲವು ಕಡೆ ಒಳಗೆ ತರಲೂ ಬಿಡುವುದಿಲ್ಲ. ನಿಯಮ ಮೊದಲೇ ಓದಿಕೊಳ್ಳಿ. ತರಬಹುದು, ಆದರೆ ತೆಗೆಯದ ಹಾಗೆ ಕಟ್ಟಿರಬೇಕು ಅನ್ನುವ ಕಡೆ ಬಾಗಿಲಲ್ಲೇ ಪ್ಲಾಸ್ಟಿಕ್ ಟೈ ಬಿಗಿಯುತ್ತಾರೆ. ಆ ಟೈ ಚಾಟಿಯ ಹೆಣಿಗೆಯ ಮೇಲೆ ಬರದಿರಲಿ. ಪಟ್ಟಿಯಲ್ಲಿ ಮೊದಲೇ ಎರಡು ಸಣ್ಣ ತೂತು ಇಟ್ಟುಕೊಂಡರೆ ಟೈ ಅಲ್ಲಿಂದ ಹಾದು ಪಟ್ಟಿಯನ್ನೇ ಮುಚ್ಚುತ್ತದೆ, ಚಾಟಿಗೆ ತಾಗುವುದಿಲ್ಲ. ಬಕಲ್ ಪಟ್ಟಿಯಲ್ಲಿ ಈ ತೂತುಗಳು ಹೇಗೂ ಇರುತ್ತವೆ.

ಮನೆಗೆ ಬಂದ ಮೇಲೆ ಚಾಟಿಯನ್ನು ಹೋಲ್ಡರ್‌ನಲ್ಲೇ ಬಿಡಬೇಡಿ. ಪಟ್ಟಿ ಬಿಗಿದ ಜಾಗದಲ್ಲಿ ತಿಂಗಳುಗಟ್ಟಲೆ ಒತ್ತಿದರೆ ಹೆಣಿಗೆ ಅಲ್ಲಿ ಚಪ್ಪಟೆಯಾಗುತ್ತದೆ, ಬೀಸಿದಾಗ ಅದೇ ಜಾಗದಲ್ಲಿ ಮುರಿದಂತೆ ಬಾಗುತ್ತದೆ. ಸಡಿಲವಾಗಿ ಸುತ್ತಿ, ಅಗಲವಾದ ಗೂಟಕ್ಕೆ ನೇತುಹಾಕಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೆವರಿನಲ್ಲಿ ನೆನೆದ ಪಟ್ಟಿಯನ್ನು ನೆರಳಲ್ಲಿ ಒಣಗಿಸಿ, ಒಣಗಿದ ಮೇಲೆ ಚರ್ಮಕ್ಕೆ ಹಾಕುವ ಮೇಣವನ್ನು ಬೆರಳ ತುದಿಯಷ್ಟು ಮಾತ್ರ ತಿಕ್ಕಿ. ಜಾಸ್ತಿ ಹಚ್ಚಿದರೆ ಪಟ್ಟಿ ಮೆತ್ತಗಾಗಿ ಸ್ಟಡ್‌ನ ತೂತು ಬೇಗ ಹಿಗ್ಗುತ್ತದೆ.